ಯಂತ್ರ ತಂದರಾಯಿತೇ? ಹೆಪ್ಪು ಕಾಯುವವರು ಯಾರು?

ಬೆಳಿಗ್ಗೆ ಬೆಳ್ತಂಗಡಿಯಿಂದ ಹೊರಟ ಬಸ್ಸು ಬಂಟವಾಳ, ಬಿ.ಸಿ. ರೋಡು ದಾಟಿ ತುಂಬೆಗೆ ಬರುವ ಹೊತ್ತಿಗೆ ಎಡಬದಿಯ ಸೀಟಿನವರಿಗೆ ಒಂದು ಸಂಗತಿ ನೆನಪಾಗಬೇಕು. ಅತ್ತ ಹರಿಯುವವಳು ನೇತ್ರಾವತಿ. ತುಂಬೆಯಲ್ಲಿ ಅವಳನ್ನು ಕಿಂಡಿ ಅಣೆಕಟ್ಟಿನಿಂದ ತಡೆದು, ನೀರೆತ್ತಿ, ಶುದ್ಧಮಾಡಿ ಮಂಗಳೂರಿಗೆ ಕಳುಹಿಸುತ್ತಾರೆ. ಮಂಗಳೂರಿನ ಹೋಟೆಲಿನಲ್ಲಿ ಹತ್ತು ಗಂಟೆಗೆ ನಾವು ಕುಡಿಯುವ ಚಹಾ, ಆಸ್ಪತ್ರೆಯಲ್ಲಿ ಮಲಗಿದ ನಮ್ಮ ನೆಂಟರು ಕುಡಿಯುವ ಗಂಜಿ, ಎಲ್ಲವೂ ಈ ನೀರಿನದ್ದೇ.

ಸರಿ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ನಾವು ಮಿಂದ ನೀರು ಎಲ್ಲಿ ಹೋಯಿತು? ಪಾತ್ರೆ ತೊಳೆದ ನೀರು? ಕಕ್ಕಸಿಗೆ ಹೊಯ್ದ ನೀರು? ತೋಡಿಗೆ ಇಳಿದದ್ದು ಹೊಳೆಗೆ, ಸೋಮಾವತಿಗೆ ಇಳಿದದ್ದು ನೇತ್ರಾವತಿಗೆ, ನೇತ್ರಾವತಿಗೆ ಇಳಿದದ್ದು ತುಂಬೆಗೆ. ನಾವು ಟಿಕೆಟು ತೆಗೆದು ಹೋಗುವ ದಾರಿಯಲ್ಲೇ ನಮ್ಮ ಕೊಳಕು ಟಿಕೆಟಿಲ್ಲದೆ ಹೋಗುತ್ತದೆ. ಯಾವ ಕಂಡಕ್ಟರನೂ ಅದನ್ನು ಇಳಿಸುವುದಿಲ್ಲ.

ನಮ್ಮ ಊರುಗಳಲ್ಲಿ ಒಳಚರಂಡಿಯ ಮಾತು ಚುನಾವಣೆ ಬಂದಾಗಲೆಲ್ಲ ಎದ್ದು, ಚುನಾವಣೆ ಮುಗಿದ ಮೇಲೆ ಮಲಗುವ ಮಾತು. "ಕೊಳಚೆ ನೀರು ಶುದ್ಧೀಕರಣ ಘಟಕ ಬಂದರೆ ಎಲ್ಲ ಸರಿಯಾಗುತ್ತದೆ" ಎನ್ನುವವರು ಬಹಳ ಮಂದಿ. ಘಟಕ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಘಟಕ ಬಂದ ಊರುಗಳಲ್ಲಿ ಎಲ್ಲ ಸರಿಯಾಗಿದೆಯೇ ಎಂದು ನೋಡಿದವರು ಕಡಿಮೆ. ಈವತ್ತು ಅದನ್ನೇ ಸ್ವಲ್ಪ ನೋಡುವ.

ಲೆಕ್ಕ ಎಷ್ಟಾಗುತ್ತದೆ?

ಅಂಗಡಿಯವರಿಗೆ ಲೆಕ್ಕ ಹೇಳದೆ ವಿಷಯ ಹೇಳಿದರೆ ಹಿಡಿಸುವುದಿಲ್ಲ. 2011ರ ಜನಗಣತಿಯಲ್ಲಿ ಬಂಟವಾಳ ಪುರಸಭೆಯ ಜನ ಸುಮಾರು 40 ಸಾವಿರ, ಮೂಡಬಿದ್ರೆಯವರು 29 ಸಾವಿರದ ಮೇಲೆ, ಬೆಳ್ತಂಗಡಿ ಪಟ್ಟಣದವರು 8 ಸಾವಿರಕ್ಕೆ ಸ್ವಲ್ಪ ಕಡಿಮೆ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ಸರಕಾರದ ಇಂಜಿನಿಯರರ ಮಾಮೂಲು ಲೆಕ್ಕ. ಅದರಲ್ಲಿ ನೂರಕ್ಕೆ 80ರಷ್ಟು ಕೊಳಚೆಯಾಗಿ ಹೊರಗೆ ಬರುತ್ತದೆ. ಅಂದರೆ ತಲೆಗೆ 108 ಲೀಟರು.

ಗುಣಿಸಿ ನೋಡಿ. ಬಂಟವಾಳದ್ದು ದಿನಕ್ಕೆ 43 ಲಕ್ಷ ಲೀಟರು, ಮೂಡಬಿದ್ರೆಯದ್ದು 32 ಲಕ್ಷ, ಬೆಳ್ತಂಗಡಿಯದ್ದು 8 ಲಕ್ಷ. ಮೂರೂ ಸೇರಿ 83 ಲಕ್ಷ ಲೀಟರು. 5 ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ ದಿನಕ್ಕೆ 1,600ಕ್ಕೂ ಹೆಚ್ಚು ಟ್ಯಾಂಕರು. ಇದು 2011ರ ಜನಸಂಖ್ಯೆಗೆ. ಹಗಲು ಬಂದು ಹೋಗುವವರು, ಹಾಸ್ಟೆಲಿನ ಮಕ್ಕಳು, ಧರ್ಮಸ್ಥಳದ ದಾರಿಯಲ್ಲಿ ಇಳಿದು ಊಟ ಮಾಡುವ ಯಾತ್ರಿಕರು, ಮೂಡಬಿದ್ರೆಯ ಬಸದಿ ನೋಡಲು ಬರುವವರು ಇವರನ್ನೆಲ್ಲ ಇದರಲ್ಲಿ ಸೇರಿಸಿಲ್ಲ.

ಮಳೆಗಾಲದಲ್ಲಿ ಹೊಳೆ ಇದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಪ್ರಶ್ನೆ ಬೇಸಗೆಯದ್ದು. ಆಗ ತುಂಬೆಯ ಬಾಗಿಲು ಹಾಕಿರುತ್ತದೆ. ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ಮೇಲಿನಿಂದ ಬಂದದ್ದೂ ನಿಲ್ಲುತ್ತದೆ. 2016ರಲ್ಲೂ 2019ರಲ್ಲೂ ಬೇಸಗೆಯ ಕೊನೆಗೆ ತುಂಬೆಯ ನೀರು ತಗ್ಗಿ ಮಂಗಳೂರಿನಲ್ಲಿ ಪಾಳಿ ಹಚ್ಚಿ ನೀರು ಬಿಟ್ಟದ್ದು ಎಲ್ಲರಿಗೂ ನೆನಪುಂಟು. ನೀರು ಕಡಿಮೆಯಾದಷ್ಟು ಕೊಳಕಿನ ಪಾಲು ಹೆಚ್ಚು. ಹಾಲು ಕಡಿಮೆಯಾದ ಚಹಾದಲ್ಲಿ ಸಕ್ಕರೆ ಹೆಚ್ಚು ಅನ್ನಿಸುವ ಹಾಗೆ.

ಮೂಡಬಿದ್ರೆಯವರು ಇದು ನೇತ್ರಾವತಿಯವರ ಪಂಚಾಯ್ತಿಕೆ, ನಮಗೇನು ಎಂದು ಹೇಳುವಂತಿಲ್ಲ. ಅವರ ನಳ್ಳಿಗೆ ನೀರು ಬರುವುದು ಪುಚ್ಚೆಮೊಗರಿನಲ್ಲಿ ಫಲ್ಗುಣಿ ಹೊಳೆಯಿಂದ. ಅದೇ ಫಲ್ಗುಣಿ ಗುರುಪುರ ಸಂಕದ ಅಡಿಯಿಂದ ಹರಿದು ಮುಂದೆ ಮರವೂರಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಂದಾರದ ಮೇಲೆ ಜರಿದು ಅದರ ಕೊಳೆರಸ ಈ ಹೊಳೆಗೆ ಸೇರಿತು. ಮರವೂರಿನ ನೀರನ್ನು ನಂಬಿದವರು ಪಟ್ಟ ಪಾಡು ಸಣ್ಣದಲ್ಲ. ಹೊಳೆಗೆ ಪುರಸಭೆಯ ಗಡಿ ಗೊತ್ತಿಲ್ಲ ಸ್ವಾಮಿ.

ಮಂಗಳೂರಿನಿಂದ ಕಲಿಯಬೇಕಾದ್ದು

ಕರಾವಳಿಯ ಹತ್ತು ಪಟ್ಟಣಗಳಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ 1999ರಲ್ಲಿ ಒಂದು ದೊಡ್ಡ ಯೋಜನೆ ಮಂಜೂರಾಯಿತು. ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರ ಅದರಲ್ಲಿದ್ದವು. ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆ ಇರಲಿಲ್ಲ. ನಮಗೆ ಬಸ್ಸು ತಪ್ಪಿತು ಎಂದೇ ಇಟ್ಟುಕೊಳ್ಳುವ. ಹಿಂದಿನ ಬಸ್ಸಿನವರಿಗೆ ಒಂದು ಲಾಭ ಉಂಟು: ಮುಂದಿನ ಬಸ್ಸು ಎಲ್ಲಿ ಹೂತಿತು ಎಂದು ನೋಡಿಕೊಂಡು ಹೋಗಬಹುದು.

ಮಂಗಳೂರಿನಲ್ಲಿ ನಾಲ್ಕು ಘಟಕಗಳು. ಕಾವೂರಿನದ್ದು ದಿನಕ್ಕೆ 4 ಕೋಟಿ 35 ಲಕ್ಷ ಲೀಟರು ತಾಳುವಂಥದ್ದು, ಬಜಾಲಿನದ್ದು 2 ಕೋಟಿ, ಸುರತ್ಕಲ್ಲಿನದ್ದು 1 ಕೋಟಿ 65 ಲಕ್ಷ, ಪಚ್ಚನಾಡಿಯದ್ದು 87 ಲಕ್ಷ 50 ಸಾವಿರ. ಒಟ್ಟು 9 ಕೋಟಿಗೆ ಸ್ವಲ್ಪ ಕಡಿಮೆ. ತುಂಬೆಯಿಂದ ಎತ್ತುವ ನೀರು ದಿನಕ್ಕೆ ಸುಮಾರು 16 ಕೋಟಿ ಲೀಟರು. ಅದರಲ್ಲಿ ಕಾರ್ಖಾನೆಗೂ ಅಕ್ಕಪಕ್ಕದ ಊರಿಗೂ ಹೋಗುವುದುಂಟು, ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅದಕ್ಕಿಂತ ದೊಡ್ಡ ಸಂಗತಿ, ಮಂಗಳೂರಿನವರ ಬಾಯಲ್ಲಿ ಮನೆಮಾತಾದ 'ಮಿಸ್ಸಿಂಗ್ ಲಿಂಕ್'. ಕೊಳವೆ ಇಲ್ಲಿವರೆಗೆ ಬಂತು, ಅಲ್ಲಿಂದ ಮುಂದೆಯೂ ಉಂಟು, ಮಧ್ಯೆ ಇಲ್ಲ! ಯಾರದ್ದೋ ಜಾಗ, ಯಾವುದೋ ತಕರಾರು. ಫಲವಾಗಿ ಕೊಳಚೆ ಘಟಕಕ್ಕೆ ಹೋಗುವ ಬದಲು ಮಳೆನೀರಿನ ತೋಡಿಗೆ ಹೋಗುತ್ತದೆ. ಕರೆಂಟು ಹೋದರೆ ಪಂಪು ನಿಂತು ವೆಟ್‌ವೆಲ್ ತುಂಬಿ ಹೊರಗೆ ಹರಿಯುತ್ತದೆ. ಘಟಕ ಎಷ್ಟು ದೊಡ್ಡದಿದ್ದರೇನು? ಬಾಯಿಗೆ ಬಾರದ ಅನ್ನ ಹೊಟ್ಟೆ ತುಂಬಿಸುತ್ತದೆಯೇ?

ಒಳ್ಳೆಯದನ್ನೂ ಹೇಳಬೇಕು. ಅಲ್ಲಿ ಶುದ್ಧವಾದ ನೀರನ್ನು ಮಂಗಳೂರು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಕೊಳ್ಳುವ ಗಿರಾಕಿ ಇದ್ದರೆ ಮಾಲಿನ ಗುಣ ತಾನಾಗಿ ಸರಿಯಾಗುತ್ತದೆ ಎಂಬುದು ಅಂಗಡಿಯವರಿಗೆ ನಾವು ಹೇಳಿಕೊಡಬೇಕಾದ್ದಲ್ಲ.

ಮೊಸರಿನ ಹೆಪ್ಪಿನ ಹಾಗೆ

ಈಗ ಘಟಕದ ಒಳಗೆ ಹೋಗುವ. ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ಸರಿಯಾಗಿ ನಡೆಯುವ ಘಟಕ ಗಬ್ಬು ನಾರುವುದಿಲ್ಲ, ಒದ್ದೆ ಮಣ್ಣಿನ ವಾಸನೆ ಮಾತ್ರ. ನಾರುತ್ತದೆ ಎಂದರೆ ಕೆಟ್ಟಿದೆ ಎಂದೇ ಅರ್ಥ. ಇದು ಯಾವ ಲ್ಯಾಬೋರೇಟರಿಯೂ ಇಲ್ಲದೆ ನೀವು ಮಾಡಬಹುದಾದ ಮೊದಲ ಪರೀಕ್ಷೆ.

ಕೊಳಚೆಯನ್ನು ಶುದ್ಧಮಾಡುವುದು ಯಂತ್ರ ಅಲ್ಲ. ಕಣ್ಣಿಗೆ ಕಾಣದ ಕ್ರಿಮಿಗಳು. ಮೊದಲು ಜಾಲರಿಯಲ್ಲಿ ಪ್ಲಾಸ್ಟಿಕ್ಕು, ಬಟ್ಟೆ, ಕೂದಲು ತಡೆಯುತ್ತಾರೆ. ಮರಳು ತಳಕ್ಕೆ ಕೂರುತ್ತದೆ. ಆಮೇಲೆ ಕೊಳಚೆ ದೊಡ್ಡ ತೊಟ್ಟಿಗೆ ಬಂದಾಗ ಅಡಿಯಿಂದ ಗಾಳಿ ಊದುತ್ತಾರೆ. ಗಾಳಿ ಸಿಕ್ಕಿದ ಕ್ರಿಮಿಗಳು ಕೊಳಕನ್ನು ತಿಂದು ಬೆಳೆದು, ಕಂದು ಬಣ್ಣದ ಕೆಸರಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ನೀರು ಅಲುಗದೆ ನಿಂತಾಗ ಕೆಸರು ತಳಕ್ಕೆ, ತಿಳಿನೀರು ಮೇಲಕ್ಕೆ. ಆ ಕೆಸರಿನ ಒಂದು ಪಾಲನ್ನು ಮತ್ತೆ ಮೊದಲ ತೊಟ್ಟಿಗೆ ತಂದು ಹಾಕುತ್ತಾರೆ.

ನಿನ್ನೆಯ ಮೊಸರಿನಿಂದ ಒಂದು ಚಮಚ ತೆಗೆದಿಟ್ಟು ಇಂದಿನ ಹಾಲಿಗೆ ಹಾಕುವುದಿಲ್ಲವೇ? ಅದೇ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು 1914ರಲ್ಲಿ ಕಂಡುಹಿಡಿದದ್ದು ಇಷ್ಟೇ. ಅದುವರೆಗೆ ಎಲ್ಲರೂ ಕೆಸರನ್ನು ಚೆಲ್ಲುತ್ತಿದ್ದರು. ಇವರು ಚೆಲ್ಲದೆ ಉಳಿಸಿ ಹೊಸ ಕೊಳಚೆಗೆ ಸೇರಿಸಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಅಜ್ಜಿಯಂದಿರಿಗೆ ಹೇಳಿದ್ದರೆ "ಇದರಲ್ಲಿ ಎಂತ ಹೊಸತುಂಟು ಮಗಾ?" ಎಂದು ಕೇಳುತ್ತಿದ್ದರು.

ಹೆಪ್ಪಿನ ಗುಣ ನಿಮಗೆ ಗೊತ್ತೇ ಇದೆ. ಒಂದು ದಿನ ಮರೆತರೆ ನಾಳೆ ಮೊಸರಿಲ್ಲ. ಹೆಚ್ಚಾದರೆ ಹುಳಿ. ಘಟಕದಲ್ಲೂ ಹಾಗೆಯೇ. ಗಾಳಿ ಊದುವ ಯಂತ್ರಕ್ಕೆ ಕರೆಂಟು ಬಹಳ ಬೇಕು. ಇಡೀ ಘಟಕದ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದ್ದೇ. ಆದ್ದರಿಂದ ಬಿಲ್ಲು ಉಳಿಸಬೇಕೆಂದು ಮೊದಲು ನಿಲ್ಲಿಸುವುದೂ ಅದನ್ನೇ. ಒಂದು ಲೀಟರು ನೀರಿನಲ್ಲಿ ಕರಗಿದ ಆಮ್ಲಜನಕ 2 ಮಿಲಿಗ್ರಾಂನಷ್ಟಾದರೂ ಇರಬೇಕು. ಊದುವುದು ನಿಂತರೆ ಕ್ರಿಮಿಗಳು ಉಸಿರು ಕಟ್ಟಿ ಸಾಯುತ್ತವೆ, ನಾತ ಏಳುತ್ತದೆ. ಮತ್ತೆ ಸ್ವಿಚ್ಚು ಹಾಕಿದ ಕೂಡಲೇ ಅವು ಎದ್ದು ಕೂರುವುದಿಲ್ಲ. ಹೆಪ್ಪು ಪುನಃ ಕಟ್ಟಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು.

ಕೆಲವು ವರ್ಷದ ಹಿಂದೆ ಒಂದು ಊರಿನ ಘಟಕ ನೋಡಲು ಹೋಗಿದ್ದೆವು. ಊರಿನ ಹೆಸರು ಬೇಡ. ಗೇಟಿನಲ್ಲಿ ಹೂದೋಟ, ಬಣ್ಣ ಬಳಿದ ಬೋರ್ಡು, ಎಲ್ಲ ಚೆಂದ. ತೊಟ್ಟಿಯ ನೀರು ಮಾತ್ರ ಕಪ್ಪಗೆ, ಅಲುಗಾಟವೇ ಇಲ್ಲ.

"ಎಂತ ಮಾರಾಯ್ರೆ, ಗಾಳಿ ಬಿಡುವುದಿಲ್ಲವಾ?" ಎಂದು ಕೇಳಿದೆವು.

ಕಾವಲಿಗಿದ್ದ ಹುಡುಗ ನಕ್ಕ. "ಸಾಹೇಬರು ಬರುವ ದಿನ ಬಿಡುವುದುಂಟು ಸಾರ್."

ದಾಖಲೆ ಪುಸ್ತಕ ತೋರಿಸಿದ. ಪ್ರತಿ ಗಂಟೆಯ ಲೆಕ್ಕ ತುಂಬಿಸಿತ್ತು. ಇಡೀ ತಿಂಗಳಿನದ್ದು ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಕೈಬರಹ. ರಾತ್ರಿ ಎರಡು ಗಂಟೆಗೂ ಅದೇ ಕೈ, ಮಧ್ಯಾಹ್ನ ಎರಡಕ್ಕೂ ಅದೇ ಕೈ. ಆ ಮನುಷ್ಯ ನಿದ್ದೆ ಮಾಡುವುದು ಯಾವಾಗ ಎಂದು ಕೇಳಲಿಲ್ಲ. ಹುಡುಗನ ತಪ್ಪೂ ಅಲ್ಲ. ಅವನಿಗೆ ಕಲಿಸಿದವರಿಲ್ಲ, ಸಂಬಳ ಗುತ್ತಿಗೆದಾರನ ಕೈಯಲ್ಲಿ.

ಅಲ್ಲಿ ಬೇಕಾಗಿದ್ದದ್ದು ಕೋಟಿ ರೂಪಾಯಿಯ ಯಂತ್ರ ಅಲ್ಲ. ಒಂದು ಲೀಟರಿನ ಗಾಜಿನ ಜಾಡಿ. ಗಾಳಿ ತೊಟ್ಟಿಯ ನೀರನ್ನು ಜಾಡಿಗೆ ತುಂಬಿಸಿ ಅರ್ಧ ಗಂಟೆ ಅಲುಗಿಸದೆ ಇಡಬೇಕು. ಕೆಸರು ತಳಕ್ಕೆ ಕೂತು, 200ರಿಂದ 400 ಮಿಲಿಲೀಟರಿನ ಗೆರೆಯಲ್ಲಿ ನಿಂತು, ಮೇಲಿನ ನೀರು ತಿಳಿಯಾದರೆ ಘಟಕ ಸಾಮಾನ್ಯವಾಗಿ ಸುಖವಾಗಿದೆ ಎಂದರ್ಥ. 800-900ರಲ್ಲೇ ನಿಂತುಬಿಟ್ಟರೆ ಕೆಸರು ಹೆಚ್ಚಾಗಿದೆ ಅಥವಾ ಕೆಟ್ಟಿದೆ. ಬೇಗ ಹೊರಗೆ ತೆಗೆಯಬೇಕು. ಕೆಸರೇ ಕಾಣದಿದ್ದರೆ ಹೆಪ್ಪು ಸತ್ತಿದೆ. ಸರಕಾರಿ ಪರೀಕ್ಷೆಯ ಬಿ.ಒ.ಡಿ. ಫಲಿತಾಂಶ ಬರಲು ಮೂರು ದಿನ ಬೇಕು. ಅಷ್ಟರಲ್ಲಿ ಆ ನೀರು ಹೊಳೆ ಸೇರಿಯಾಯಿತು. ಜಾಡಿ ಅರ್ಧ ಗಂಟೆಯಲ್ಲಿ ಹೇಳುತ್ತದೆ. ದಿನಕ್ಕೆರಡು ಸಲ ಜಾಡಿ ನೋಡಿ ಅದರಂತೆ ಕೆಸರು ತೆಗೆಯುವ ಒಬ್ಬ ಬಲ್ಲ ಮನುಷ್ಯ ಇದ್ದರೆ ಹಳೆಯ ಘಟಕವೂ ನಡೆಯುತ್ತದೆ. ಇಲ್ಲದಿದ್ದರೆ ಹೊಸತೂ ಕೆಡುತ್ತದೆ. ನಮ್ಮ ಇಂದಿನ ಮಾತಿನ ತಿರುಳು ಇಷ್ಟೇ.

ನಮ್ಮ ಮಳೆ ಕೇಳುವ ಪರೀಕ್ಷೆ

ಬಯಲುಸೀಮೆಯ ನಕ್ಷೆಯನ್ನು ತಂದು ಇಲ್ಲಿ ಕಟ್ಟಿದರೆ ಆಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4 ಸಾವಿರ ಮಿಲಿಮೀಟರು ಮಳೆ, ಅದೂ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ.

ಮನೆಯ ಮಾಡಿನ ನೀರನ್ನು ಒಳಚರಂಡಿಗೆ ಬಿಡುವ ಕೆಟ್ಟ ಅಭ್ಯಾಸ ಒಳಚರಂಡಿ ಬಂದ ಊರುಗಳಲ್ಲೆಲ್ಲ ಉಂಟು. ಒಂದು ಸಾವಿರ ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರು ಮಳೆ ಬಿದ್ದರೆ 9 ಸಾವಿರ ಲೀಟರಿಗೂ ಹೆಚ್ಚು ನೀರು. ಐದು ಮಂದಿಯ ಮನೆಯ ಕೊಳಚೆ ದಿನಕ್ಕೆ 540 ಲೀಟರು. ಅಂದರೆ ಒಂದು ಮಾಡಿನ ನೀರು 17 ಮನೆಗಳ ಕೊಳಚೆಗೆ ಸಮ! ಅಂಗಳದಲ್ಲಿ ನೀರು ನಿಂತಿತೆಂದು ಮ್ಯಾನ್‌ಹೋಲಿನ ಮುಚ್ಚಳ ಎತ್ತಿಬಿಡುವವರೂ ಇದ್ದಾರೆ. ಅಷ್ಟು ನೀರು ನುಗ್ಗಿದಾಗ ಘಟಕದ ಹೆಪ್ಪೆಲ್ಲ ಕೊಚ್ಚಿ ಹೊಳೆಗೆ ಹೋಗುತ್ತದೆ. ಮಳೆ ಬಿಟ್ಟ ಮೇಲೆ ತೊಟ್ಟಿ ಬರೇ ನೀರು.

ಎರಡನೆಯದು ಕೆಸರು ಒಣಗಿಸುವ ಪ್ರಶ್ನೆ. ಮರಳಿನ ಹಾಸಿನಲ್ಲಿ ಬಿಸಿಲಿಗೆ ಒಣಗಿಸುವುದು ಅಗ್ಗದ ಕ್ರಮ. ಜೂನಿನಿಂದ ಸಪ್ಟೆಂಬರಿನವರೆಗೆ ನಮ್ಮಲ್ಲಿ ಹಪ್ಪಳ ಒಣಗುವುದಿಲ್ಲ, ಕೆಸರು ಒಣಗುತ್ತದೆಯೇ? ಹಾಸಿಗೆ ಮಾಡು ಬೇಕು, ಇಲ್ಲವೇ ಕೆಸರು ಹಿಂಡುವ ಯಂತ್ರ ಬೇಕು. ಜಾಗ ಇಲ್ಲವೆಂದು ಕೆಸರು ತೆಗೆಯುವುದನ್ನೇ ನಿಲ್ಲಿಸಿದರೆ ಅದು ತುಂಬಿ ತುಳುಕಿ ಶುದ್ಧನೀರಿನ ಜತೆಗೆ ಹೊರಗೆ ಹೋಗುತ್ತದೆ. ಕಾಗದದಲ್ಲಿ ಘಟಕ ನಡೆಯುತ್ತಲೇ ಇರುತ್ತದೆ.

ಮೂರನೆಯದು ನೆರೆ. ಬಂಟವಾಳದ ಹಿರಿಯರು 1923ರ ನೆರೆಯ ಕಥೆ ಕೇಳಿದವರು, 1974ರದ್ದನ್ನು ಕಂಡವರು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ತೋಟ ಗದ್ದೆಗಳ ಮೇಲೆ ಬಂದದ್ದನ್ನು ಮಕ್ಕಳೂ ಕಂಡಿದ್ದಾರೆ. ಕೊಳಚೆ ತಾನಾಗಿ ಇಳಿದು ಬರಲೆಂದು ತಗ್ಗಿನಲ್ಲಿ, ಹೊಳೆಯ ಬದಿಯಲ್ಲೇ ಘಟಕಕ್ಕೆ ಜಾಗ ಹುಡುಕುವುದು ಪದ್ಧತಿ. ಮೋಟಾರು, ಕರೆಂಟಿನ ಪೆಟ್ಟಿಗೆಗಳನ್ನಾದರೂ ನೆರೆಯ ಮಟ್ಟದಿಂದ ಮೇಲೆ ಕೂರಿಸದಿದ್ದರೆ ಮೊದಲ ಆಟಿಯಲ್ಲೇ ಎಲ್ಲ ಮುಗಿಯುತ್ತದೆ.

ಅಂದ ಹಾಗೆ, ಬಂಟವಾಳದ ನೆರೆಯ ಆ 1974ನೇ ಇಸವಿಯಲ್ಲೇ ದಿಲ್ಲಿಯಲ್ಲಿ ಜಲಮಾಲಿನ್ಯ ತಡೆ ಕಾಯಿದೆಯೂ ಬಂತು. ನೆರೆ ನಾಲ್ಕು ದಿನದಲ್ಲಿ ಇಳಿಯಿತು. ಕಾಯಿದೆ ಐವತ್ತು ವರ್ಷ ದಾಟಿದರೂ ಇನ್ನೂ ತೋಡಿಗೆ ಇಳಿದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಊರೂರಿನ ಸ್ಥಳೀಯಾಡಳಿತ ಘಟಕ ಕಟ್ಟಬೇಕೆಂದು ಆಜ್ಞೆ ಮಾಡಿತು. ಅದೇ ವರ್ಷ ಕೇಂದ್ರ ಸರಕಾರ, ಮಹಾನಗರವಲ್ಲದ ಊರುಗಳ ಘಟಕದಿಂದ ಹೊರಬರುವ ನೀರಿನಲ್ಲಿ ಬಿ.ಒ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂದು ನಿಯಮ ಮಾಡಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 30 ಸಾಲದು, 10 ಆಗಬೇಕು ಎಂದಿತು. ಅಂಕೆ ಇಳಿಸುವುದು ಸುಲಭ. ಜಾಡಿ ನೋಡುವ ಮನುಷ್ಯನ ಸಂಬಳ ಯಾವ ಆಜ್ಞೆಯಲ್ಲೂ ಏರಲಿಲ್ಲ.

ಟ್ಯಾಂಕರು ಎಲ್ಲಿಗೆ?

ಒಳಚರಂಡಿ ಬರುವುದು ಯಾವಾಗಲೋ. ಇಂದು ನಮ್ಮ ಹೆಚ್ಚಿನ ಮನೆಗಳ, ಅಂಗಡಿಗಳ ಅಡಿಯಲ್ಲಿರುವುದು ಪಿಟ್ಟು, ಇಲ್ಲವೇ ಸೆಪ್ಟಿಕ್ ಟ್ಯಾಂಕು. ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನಾವು ಮಾಡಿಸುವುದು ತುಂಬಿ ಅಂಗಳಕ್ಕೆ ಬಂದಾಗ. ಕೆಸರು ತುಂಬಿದ ಟ್ಯಾಂಕು ಟ್ಯಾಂಕೇ ಅಲ್ಲ; ಒಳಗೆ ಹೋದದ್ದು ಹಾಗೆಯೇ ಹೊರಗೆ. ನಮ್ಮದು ಮುರಕಲ್ಲಿನ ನೆಲ. ತೂತು ತೂತು ಕಲ್ಲು, ನೀರು ಎಲ್ಲಿಂದ ಎಲ್ಲಿಗೂ ಹೋದೀತು. ಪಿಟ್ಟಿಗೂ ಬಾವಿಗೂ ಕನಿಷ್ಠ 15 ಮೀಟರು ದೂರ ಇರಬೇಕೆನ್ನುತ್ತಾರೆ. ಐದು ಸೆಂಟ್ಸಿನ ಸೈಟಿನಲ್ಲಿ ನಿಮ್ಮ ಬಾವಿ ದೂರವೇ ಇರಬಹುದು, ನೆರೆಮನೆಯವರ ಪಿಟ್ಟು?

ಹೀರುವ ಯಂತ್ರದ ಲಾರಿಗೆ ಫೋನು ಮಾಡುತ್ತೇವೆ, ಬರುತ್ತದೆ, ಹೀರುತ್ತದೆ, ದುಡ್ಡು ಕೊಡುತ್ತೇವೆ. ಆಮೇಲೆ ಅದು ಎಲ್ಲಿ ಹೋಗಿ ಖಾಲಿಯಾಗುತ್ತದೆ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಆ ಕೆಸರಿನ ಉಗ್ರತೆ ಮಾಮೂಲು ಕೊಳಚೆಯ ಹತ್ತು ಪಟ್ಟಿಗೂ ಮೇಲೆ. ರಾತ್ರಿ ತೋಡಿಗೆ ಬಿಟ್ಟ ಒಂದು ಲಾರಿ ಎಂದರೆ ಹತ್ತು ಲಾರಿ ಕೊಳಚೆ ಬಿಟ್ಟ ಹಾಗೆ. ಘಟಕಕ್ಕೇ ತಂದು ಒಮ್ಮೆಲೇ ಸುರಿದರೂ ಹೆಪ್ಪಿಗೆ ಅಜೀರ್ಣ. ಬೇರೆ ತೊಟ್ಟಿಯಲ್ಲಿ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ಇದಕ್ಕೆ ಉಪಾಯ ಇಲ್ಲದೆ ಇಲ್ಲ. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಪಿಟ್ಟಿನ ಕೆಸರಿಗೆಂದೇ ಒಂದು ಸಣ್ಣ ಘಟಕ ಮಾಡಿದರು. ದಿನಕ್ಕೆ 6 ಸಾವಿರ ಲೀಟರಿನದ್ದು, ಅಂದರೆ ಒಂದೆರಡು ಲಾರಿ. ಊರಿಡೀ ರಸ್ತೆ ಅಗೆಯಬೇಕಾಗಿಲ್ಲ. ಕೆಸರನ್ನು ಊರಿನ ಹಸಿಕಸದ ಜತೆ ಕೊಳೆಯಿಸಿ ಗೊಬ್ಬರವನ್ನೂ ಮಾಡಿದರು. ಬೆಳ್ತಂಗಡಿಯಂಥ ಸಣ್ಣ ಪಟ್ಟಣಕ್ಕೆ ದೊಡ್ಡ ಒಳಚರಂಡಿಗಿಂತ ಮೊದಲು ಒಪ್ಪುವುದು ಇದೇ. ಸುತ್ತ ಅಡಿಕೆ ತೋಟಗಳಿರುವಲ್ಲಿ ಚೆನ್ನಾಗಿ ಹದಮಾಡಿದ ಗೊಬ್ಬರಕ್ಕೆ ಗಿರಾಕಿಯ ಕೊರತೆ ಏನು?

ಇನ್ನೊಂದು ಮಾತು. ಪಿಟ್ಟಿಗೆ, ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಒಳಗಿನ ವಿಷಗಾಳಿಗೆ ಒಬ್ಬ ಬಿದ್ದರೆ ಎತ್ತಲು ಇಳಿದ ಎರಡನೆಯವನೂ ಏಳುವುದಿಲ್ಲ. "ಒಂದು ಐನೂರು ಹೆಚ್ಚು ಕೊಡುವ, ಇಳಿಯಲಿ" ಎನ್ನುವವರು ಆ ಐನೂರರಲ್ಲಿ ಯಾವುದರ ಕ್ರಯ ಕಟ್ಟುತ್ತಿದ್ದೇವೆ ಎಂದು ಒಮ್ಮೆ ಯೋಚಿಸಲಿ.

ನಮ್ಮ ಪಾಲಿನದ್ದು

ಪುರಸಭೆಗೆ ಬೈದು ಅಂಕಣ ಮುಗಿಸುವುದು ಸುಲಭ. ಅಂಗಡಿ ಹೋಟೆಲಿನವರ ಪಾಲೂ ಉಂಟು. ಬೋಂಡ ಕರಿದ ಎಣ್ಣೆಯನ್ನು ಮೋರಿಗೆ ಹೊಯ್ದರೆ ಅದು ಕೊಳವೆಯಲ್ಲಿ ಹೆಪ್ಪುಗಟ್ಟಿ ಬಾಯಿ ಕಟ್ಟುತ್ತದೆ, ಘಟಕಕ್ಕೆ ಹೋದರೆ ತೊಟ್ಟಿಯ ಮೇಲೆ ಜಿಡ್ಡಿನ ಪದರವಾಗುತ್ತದೆ. ಪಾತ್ರೆ ತೊಳೆಯುವಲ್ಲಿ ಎಣ್ಣೆ ತಡೆಯುವ ಸಣ್ಣ ತೊಟ್ಟಿಯೊಂದನ್ನು ಮಾಡಿ, ವಾರಕ್ಕೊಮ್ಮೆ ಜಿಡ್ಡು ತೆಗೆದರೆ ಆಯಿತು. ಮೀನು ಮಾಂಸದ ಅಂಗಡಿಯವರು ಚಿಪ್ಪು, ರೆಕ್ಕೆಗಳನ್ನು ಜಾಲರಿಯಲ್ಲಿ ತಡೆಯಬಹುದು. ಗ್ಯಾರೇಜಿನವರ ಕರಿ ಎಣ್ಣೆ ಹೆಪ್ಪಿಗೆ ವಿಷವೇ. ಮನೆಯವರು ಕಕ್ಕಸಿಗೆ ಬಟ್ಟೆ, ಪ್ಯಾಡು, ಪ್ಲಾಸ್ಟಿಕ್ಕು ಹಾಕಬಾರದು. ಪಂಪಿನ ಹೊಟ್ಟೆಗೆ ಸುತ್ತಿಕೊಳ್ಳುವುದು ಅವೇ.

ಮೂಡಬಿದ್ರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಬಸದಿಗೆ ಕೈಮುಗಿದು ಕೆರೆಗೆ ಮೋರಿ ತಿರುಗಿಸಿದರೆ ಆ ಹೆಮ್ಮೆಗೆ ಅರ್ಥ ಉಳಿಯುವುದಿಲ್ಲ. ಶಿಕ್ಷಣ ಸಂಸ್ಥೆಗಳ, ಹಾಸ್ಟೆಲುಗಳ ಊರಾಗಿ ಬೆಳೆದ ಅಲ್ಲಿ ದೊಡ್ಡ ಕಟ್ಟಡಗಳ ಸ್ವಂತ ಘಟಕಗಳು ನಿಜವಾಗಿ ನಡೆಯುತ್ತವೆಯೇ, ಗೇಟಿನ ಬೋರ್ಡಿನಲ್ಲಿ ಮಾತ್ರ ನಡೆಯುತ್ತವೆಯೇ ಎಂದು ನೋಡುವ ಕೆಲಸ ಪುರಸಭೆಯದ್ದು ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯದ್ದು.

ಖರ್ಚು ಯಾರು ಕೊಡಬೇಕು?

ಘಟಕ ಕಟ್ಟುವುದಕ್ಕೆ ಕೇಂದ್ರ, ರಾಜ್ಯ, ಬ್ಯಾಂಕು ಎಲ್ಲ ಕಡೆಯಿಂದ ದುಡ್ಡು ಬಂದೀತು. ಶಿಲಾನ್ಯಾಸಕ್ಕೆ ಕಲ್ಲು, ಹಾರ, ಮೈಕು ಸಿದ್ಧ. ಮರುದಿನದಿಂದ ಕರೆಂಟು ಬಿಲ್ಲು, ಸಂಬಳ, ಜನರೇಟರಿನ ಡೀಸೆಲು ಕೊಡಬೇಕಾದವರು ಊರಿನವರು. ಸಣ್ಣ ಪುರಸಭೆಯ ಗಂಟಿನಲ್ಲಿ ಅಷ್ಟು ಇರುವುದಿಲ್ಲ. ಘಟಕ ಕೆಡುವುದು ಅಲ್ಲಿಂದಲೇ.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಬಂಟವಾಳದ ಘಟಕ ಚೆನ್ನಾಗಿ ನಡೆದರೆ ಅದರ ದೊಡ್ಡ ಲಾಭ ಬಂಟವಾಳಕ್ಕಲ್ಲ, ತುಂಬೆಯ ನೀರು ಕುಡಿಯುವ ಮಂಗಳೂರಿಗೆ. ಮೇಲಿನ ಗದ್ದೆಯವನು ಕಟ್ಟಹುಣಿ ಕಟ್ಟಿದರೆ ಕೆಳಗಿನ ಗದ್ದೆಯವನು ಒಂದು ದಿನದ ಆಳು ಕೊಡುವುದು ನಮ್ಮ ಹಳೆಯ ಮರ್ಯಾದೆ. ತುಂಬೆಯ ನೀರಿನ ಬಿಲ್ಲಿನಿಂದ ಒಂದು ಸಣ್ಣ ಪಾಲು ಬಂಟವಾಳ, ಬೆಳ್ತಂಗಡಿಗಳ ಶುದ್ಧೀಕರಣದ ನಿತ್ಯಖರ್ಚಿಗೆ ಮೀಸಲಾಗಬೇಕು. ಕೊಳಕಾದ ನೀರನ್ನು ತುಂಬೆಯಲ್ಲಿ ಆಲಂ, ಕ್ಲೋರಿನ್ ಸುರಿದು ತೊಳೆಯುವುದಕ್ಕಿಂತ ಮೇಲೆಯೇ ಕೊಳಕಾಗದಂತೆ ನೋಡುವುದು ಅಗ್ಗ ಅಲ್ಲವೇ?

ಕೊನೆಗೆ, ನಮ್ಮ ಮೂರೂ ಊರುಗಳ ಸದಸ್ಯರು ಸಭೆಯಲ್ಲಿ ಕೈ ಎತ್ತುವ ಮೊದಲು ಕೇಳಬೇಕಾದ್ದು ಇಷ್ಟು:

ಒಂದು, ಗುತ್ತಿಗೆದಾರನಿಗೆ ಹಣ ಕಟ್ಟಡಕ್ಕೆ ಮಾತ್ರವೋ, ಹತ್ತು ವರ್ಷ ನಡೆಸುವುದಕ್ಕೂ ಸೇರಿಯೋ? ತಿಂಗಳ ಹಣ ತಿಂಗಳು ಮುಗಿದದ್ದಕ್ಕೆ ಕೊಡುವುದೋ, ನೀರು ಶುದ್ಧವಾದದ್ದಕ್ಕೆ ಕೊಡುವುದೋ?

ಎರಡು, ಕಲಿತ ಆಪರೇಟರು ಮೂರು ಪಾಳಿಗೂ ಇದ್ದಾನೆಯೇ? ಕರೆಂಟು ಹೋದರೆ ಜನರೇಟರು ಉಂಟೇ, ಅದಕ್ಕೆ ಡೀಸೆಲು ಉಂಟೇ?

ಮೂರು, ಆಟಿಯ ಮಳೆಯಲ್ಲಿ ಕೆಸರನ್ನು ಎಲ್ಲಿ ಒಣಗಿಸುತ್ತೀರಿ?

ನಾಲ್ಕು, ಟ್ಯಾಂಕರು ಲಾರಿಗಳು ಎಲ್ಲಿ ಖಾಲಿಯಾಗಬೇಕು? ಖಾಲಿಯಾದದ್ದಕ್ಕೆ ರಶೀದಿ ಉಂಟೇ?

ಐದು, ಪರೀಕ್ಷೆಯ ಫಲಿತಾಂಶವನ್ನು ಫೈಲಿನಲ್ಲಿ ಮುಚ್ಚಿಡದೆ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡಿಗೆ ಬರೆಯುತ್ತೀರೋ? ಚಿನ್ನದ ದರ ದಿನಾ ಬರೆಯುತ್ತಾರೆ, ನೀರಿನದ್ದು ಬರೆಯಲು ಏನು ಕಷ್ಟ?

ಉತ್ತರ ಸಿಕ್ಕಿದ ಮೇಲೆ ಶಿಲಾನ್ಯಾಸ ಆಗಲಿ. ಹಾರ ಹಾಕಲು ನಾವೂ ಬರುತ್ತೇವೆ. ಯಂತ್ರ ತರುವುದು ಒಂದು ದಿನದ ಗೌಜಿ, ಹೆಪ್ಪು ಕಾಯುವುದು ನಿತ್ಯದ ಚಾಕರಿ. ಆ ಚಾಕರಿಗೆ ಜನ ಯಾರು, ಸಂಬಳ ಎಷ್ಟು ಎಂದು ನಿಶ್ಚಯವಾಗುವ ತನಕ ತುಂಬೆ ದಾಟುವಾಗ ಎಡಬದಿಯ ಸೀಟಿನವರು ಒಮ್ಮೆ ಹೊರಗೆ ನೋಡುತ್ತಿರಲಿ. ಬೆಳಿಗ್ಗೆ ತಾವು ಬಿಟ್ಟದ್ದು ಅಲ್ಲಿಗೇ ಬರುತ್ತದೆ.